ಬಾಳೆತೋಟದ ನವರಂಗ

ಮಳೆಕಾಡಿನ ನೆಲದ ಹಕ್ಕಿ ನೋಡಬೇಕಂದ್ರೆ ಆಗುಂಬೆಗೇ ಹೋಗಬೇಕು ಅಂದುಕೊಂಡಿದ್ದೆ. ನಮ್ಮ ಕೊಪ್ಪಳ ಸೀಮೆಯಲ್ಲಿ ಏನಿದೆ, ಬಂಡೆ, ಜಾಲಿ, ಬಿಸಿಲು. ಆದರೆ ಆನೆಗೊಂದಿಯ ಬಾಳೆತೋಟದೊಳಗೆ ಒಮ್ಮೆ ಬಗ್ಗಿ ನೋಡಿ: ನೆಳ್ಳು, ತೇವ, ಕಾಲಡಿ ಒಣ ಎಲೆ. ಅಕ್ಟೋಬರ್‌ನ ಒಂದು ಬೆಳಿಗ್ಗೆ ಅಲ್ಲಿ ಸರಬರ ಸದ್ದು. ಓತಿಕ್ಯಾತ ಇರಬೇಕು ಅಂತ ನಿಂತೆ. ಎಲೆಯೊಂದು ಮಗುಚಿತು, ಹಿಂದಿನಿಂದ ನವರಂಗ ಹಕ್ಕಿ ಹೊರಬಂತು! ಗೊರವಂಕಕ್ಕಿಂತ ಚಿಕ್ಕದು, ಬಾಲ ಯಾರೋ ಕತ್ತರಿಸಿದ ಹಾಗೆ ಮೋಟು. ಹಸಿರು ಬೆನ್ನು, ಕಣ್ಣಿಗೆ ದಪ್ಪ ಕಾಡಿಗೆ, ರೆಕ್ಕೆಯಲ್ಲಿ ನೀಲಿ, ಹೊಟ್ಟೆಯ ತುದಿಯಲ್ಲಿ ಕುಂಕುಮ. ಎರೆಹುಳ ಎಳೆದು ನುಂಗಿತು, ಮೋಟು ಬಾಲ ಕುಣಿಸಿತು.

ಇದರ ಬಂಧುಬಳಗ ಹೆಚ್ಚಾಗಿ ಇರೋದು ಆಗ್ನೇಯ ಏಷ್ಯಾದ ಕಾಡುಗಳಲ್ಲಿ. ನಮ್ಮ ನವರಂಗ ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಡೆ ಮರಿಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ, ಕೆಲವು ಶ್ರೀಲಂಕಾವರೆಗೂ. ಹಾರೋದು ರಾತ್ರಿ. ದಣಿದರೆ ನೆಳ್ಳು ಕಂಡಲ್ಲಿ ಇಳಿಯುತ್ತದೆ, ಮನೆ ಹಿತ್ತಲಾದರೂ ಸರಿ.

"ಏನ್ ಕಳಕೊಂಡೀರಿ ಸರ, ಹಂಗ ಬಗ್ಗಿ ನೋಡಾಕತ್ತೀರಿ?" ಅಂದರು ತೋಟದ ಕಾಕಾ. ತೋರಿಸಿದೆ. "ಅಯ್ಯ, ಬಣ್ಣ ಹಚ್ಚಿದ ಕೋಳಿಮರಿ ಆಗೇತಲ್ಲ!"

ಗಂಗಾವತಿ, ಕುಷ್ಟಗಿ, ಯಲಬುರ್ಗಾದವರೇ, ದಣಿದು ಇಳಿದ ನವರಂಗ ಎರೆಹುಳ ಹುಡುಕುವ ಹಿತ್ತಲಿನ ಒಣ ಎಲೆಗಳನ್ನು ದೀಪಾವಳಿ ಮುಗಿಯುವವರೆಗಾದರೂ ಸುಡಬೇಡಿ.