ಎತ್ತಿಗೆ ಜ್ವರ, ಎಮ್ಮೆಗೆ ಬರೆ: ನನ್ನ ಟ್ರ್ಯಾಕ್‌ಪ್ಯಾಡ್ ಕಥೆ

ಇದೆಲ್ಲ ಶುರುವಾಗಿದ್ದು ಒಂದು ಅಂಕಿಯಿಂದ. ಆ ಅಂಕಿ 4.

ಹೋದ ವರ್ಷ ಮಾರ್ಚ್ ತಿಂಗಳು. ನಮ್ಮ ಪಂಚಾಯ್ತಿಯ ಗ್ರಾಮಸಭೆ ಮುಗಿಸಿಕೊಂಡು ಬಂದು ರಾತ್ರಿ ವರದಿ ಬರೆಯೋಕೆ ಕೂತಿದ್ದೆ. ಕೊಳವೆಬಾವಿ ದುರಸ್ತಿಗೆ 2 ಲಕ್ಷ, ಕಾಲೋನಿ ರಸ್ತೆಗೆ 14 ಲಕ್ಷ ಅಂತ ಸಭೆಯಲ್ಲಿ ಓದಿದ್ದರು. ರಸ್ತೆಯ ಲೆಕ್ಕ ಟೈಪ್ ಮಾಡುವಾಗ 1 ಬಿತ್ತು, ಅಷ್ಟರಲ್ಲಿ ಕರ್ಸರ್ ತಾನೇ ತಾನಾಗಿ ಮೇಲಿನ ಸಾಲಿಗೆ ಹಾರಿತು. ನಾನು ಕೀಬೋರ್ಡ್ ನೋಡಿಕೊಂಡು ಹೊಡೆಯುವವನು. ತಲೆ ಎತ್ತುವಷ್ಟರಲ್ಲಿ ಅರ್ಧ ಸಾಲು ಎಲ್ಲೋ ಹೋಗಿ ಸೇರಿಕೊಂಡಿತ್ತು. ಬೈದುಕೊಂಡು ಪದಗಳನ್ನು ಅಳಿಸಿ, ಮತ್ತೆ ಜಾಗಕ್ಕೆ ತಂದು ಬರೆದೆ. ಆದರೆ ಆ 4 ಮಾತ್ರ ಮೇಲೇ ಉಳಿಯಿತು, 2ರ ಪಕ್ಕದಲ್ಲಿ.

ಮಾರನೇ ದಿನ ಪೇಪರಿನಲ್ಲಿ ಕೊಳವೆಬಾವಿ ದುರಸ್ತಿಗೆ 24 ಲಕ್ಷ ಅಂತ ಬಂತು. ಬೆಳಗ್ಗೆ ಎಂಟು ಗಂಟೆಗೆಲ್ಲ ಊರಿನ ವಾಟ್ಸಾಪ್ ಗುಂಪಿನಲ್ಲಿ ಅದರ ಫೋಟೊ. ಕೆಳಗೆ ಸಾಲು ಸಾಲು ಮೆಸೇಜು: ಒಂದು ಬೋರ್‌ವೆಲ್ಲಿಗೆ 24 ಲಕ್ಷ ತಿಂದರು ಅಂತ. ಆ ವಾರ್ಡಿನ ಸದಸ್ಯೆ ನಮ್ಮ ಮನೆ ಹತ್ತಿರದವರೇ. ಜಗುಲಿಯವರೆಗೂ ಬಂದು, "ಏನಪ್ಪಾ, ನೀನು ನಮ್ಮೂರ ಹುಡುಗ, ಓದಿದವನು. ನನ್ನ ಗಂಡ ಹೋಟೆಲಿಗೆ ಹೋಗಿ ಒಂದು ಟೀ ಕುಡಿಯೋ ಹಾಗಿಲ್ಲ" ಅಂದರು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತು.

ತಿದ್ದುಪಡಿ ಮೂರನೇ ದಿನ ಬಂತು, ನಾಲ್ಕು ಸಾಲು, ಮೂಲೆಯಲ್ಲಿ. ಅದರ ಫೋಟೊವನ್ನು ಯಾರೂ ಗುಂಪಿಗೆ ಹಾಕಲಿಲ್ಲ. ಕೊನೆಗೆ ನಾನೇ ಹಾಕಿದೆ.

ತಪ್ಪು ನನ್ನದೇ. ಕಳಿಸುವ ಮುಂಚೆ ಅಂಕಿಗಳನ್ನು ನೋಟ್‌ಬುಕ್ಕಿನ ಜೊತೆ ತಾಳೆ ನೋಡಬೇಕಿತ್ತು. ಆದರೆ ಕರ್ಸರ್ ಹಾರುವುದು ಅವತ್ತೇ ಮೊದಲಲ್ಲ, ಒಂದು ತಿಂಗಳಿಂದ ನಡೆದಿತ್ತು. ಲ್ಯಾಪ್‌ಟಾಪಿನಲ್ಲಿ ಕೀಬೋರ್ಡಿನ ಕೆಳಗೆ ಬೆರಳಾಡಿಸುವ ಚೌಕಟ್ಟು ಇರುತ್ತದಲ್ಲ, ಟಚ್‌ಪ್ಯಾಡ್ ಅಥವಾ ಟ್ರ್ಯಾಕ್‌ಪ್ಯಾಡ್ ಅಂತಾರೆ, ತೊಂದರೆ ಅದರದ್ದೇ ಅಂತ ಗೊತ್ತಿತ್ತು. ಯಾಕೆ ಅಂತ ಗೊತ್ತಿರಲಿಲ್ಲ.

ಅದು ಕೆಲಸ ಮಾಡುವ ಬಗೆ ನಿಮ್ಮ ಫೋನಿನ ಪರದೆಯ ಹಾಗೇ. ಮೇಲ್ಮೈ ಕೆಳಗೆ ಸಣ್ಣ ತಂತಿಗಳ ಜಾಲ ಇರುತ್ತದೆ, ಅದರಲ್ಲಿ ತೀರಾ ಸ್ವಲ್ಪ ವಿದ್ಯುತ್ತು. ನಮ್ಮ ಬೆರಳು ಹತ್ತಿರ ಬಂದಾಗ ಆ ವಿದ್ಯುತ್ತಿನಲ್ಲಿ ಆಗುವ ವ್ಯತ್ಯಾಸ ನೋಡಿ ಬೆರಳು ಎಲ್ಲಿದೆ ಅಂತ ಅದು ಲೆಕ್ಕ ಹಾಕುತ್ತದೆ. ಅದಕ್ಕೇ ಕಡ್ಡಿಯಲ್ಲಿ ತಿವಿದರೆ ಏನೂ ಆಗಲ್ಲ, ಒದ್ದೆ ಕೈಯಲ್ಲಿ ಮುಟ್ಟಿದರೆ ಹುಚ್ಚುಹುಚ್ಚಾಗಿ ಆಡುತ್ತದೆ.

ಪರಿಚಯದ ವೈರ್‌ಮನ್ ಒಬ್ಬರು, "ನಿಮ್ಮನೆ ಅರ್ಥಿಂಗ್ ಸರಿ ಇಲ್ಲ, ಅದಕ್ಕೆ ಹಾಗಾಡುತ್ತೆ" ಅಂದರು. ಇದು ಸುಳ್ಳಲ್ಲ. ಅರ್ಥ್ ಸರಿಯಿಲ್ಲದ ಪ್ಲಗ್ಗಿಗೆ ಚಾರ್ಜರ್ ಹಾಕಿದಾಗ ಟಚ್‌ಪ್ಯಾಡ್ ಬೆರಳನ್ನು ಸರಿಯಾಗಿ ಗುರುತಿಸದೆ ಕರ್ಸರ್ ನಡುಗುವುದುಂಟು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ ಅಂತ ಉಪ್ಪು ಹಾಕಿ ಎರಡು ಕೊಡ ನೀರು ಹುಯ್ದೆ. "ತೆಂಗಿನ ಸಸಿಗೆ ನೀರಿಲ್ಲ, ಕಂಪ್ಯೂಟರಿಗೆ ನೀರು ಹುಯ್ಯೋದು ನೋಡು" ಅಂತ ಅಮ್ಮ ನಕ್ಕಳು. ಎರಡು ದಿನ ಸರಿಹೋದ ಹಾಗೆ ಕಂಡಿತು. ಮೂರನೇ ದಿನ ಚಾರ್ಜರ್ ತೆಗೆದಿದ್ದಾಗಲೂ ಹಾರಿತು. ಅಂದರೆ ಅರ್ಥಿಂಗ್ ಅಲ್ಲ. ಅಲ್ಲಿಗೆ ನಿಂತು ಬೇರೆ ಕಾರಣ ಹುಡುಕಬೇಕಿತ್ತು. ನಾನು ಹುಡುಕಿದ್ದು ಬೇರೆ ಸಾಮಾನು.

ಮೊದಲು ಒಂದು ಮೌಸ್ ತಂದೆ. ಮೌಸ್‌ಗೆ ಮೇಜು ಬೇಕು. ನಾನು ಕೂರುವುದು ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿಕೊಂಡು, ಲ್ಯಾಪ್‌ಟಾಪ್ ಮಣೆ ಮೇಲೆ. ನಮ್ಮದು ರೆಡ್ ಆಕ್ಸೈಡ್ ನೆಲ, ಮುಖ ಕಾಣುವಷ್ಟು ನುಣುಪು. ಮೌಸಿನ ಕೆಳಗಿನ ಬೆಳಕು ಅದರ ಮೇಲೆ ತಬ್ಬಿಬ್ಬಾಗುತ್ತಿತ್ತು. ತೊಡೆ ಮೇಲೆ ಇಟ್ಟರೆ ಜಾರುತ್ತಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಸುದ್ದಿ ಕಳಿಸುವಾಗಲಂತೂ ಅದನ್ನು ಇಡೋಕೆ ಜಾಗವೇ ಇಲ್ಲ. ಆಗ ಗೆಳೆಯನೊಬ್ಬ ಹೇಳಿದ, "ಹೊರಗಿನಿಂದ ಜೋಡಿಸೋ ಟ್ರ್ಯಾಕ್‌ಪ್ಯಾಡ್ ಸಿಗುತ್ತೆ ಕಣೋ, ನೋಡು."

ತಿಪಟೂರಿಂದ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಕಂಪ್ಯೂಟರ್ ಸಾಮಾನು ಅಂದರೆ ಎಸ್‌.ಪಿ. ರೋಡು, ಅಂದರೆ ಸಾದರ ಪತ್ರಪ್ಪ ರಸ್ತೆ. ಅಲ್ಲಿ ಸಿಗದ ತಂತಿಯಿಲ್ಲ ಅನ್ನುತ್ತಾರೆ. ಮೊದಲ ಅಂಗಡಿಯಲ್ಲಿ ಟ್ರ್ಯಾಕ್‌ಪ್ಯಾಡ್ ಅಂದೆ. ಹುಡುಗ ಒಂದು ಮೌಸ್‌ಪ್ಯಾಡ್ ತಂದು ಮುಂದಿಟ್ಟ. ಎರಡನೇ ಅಂಗಡಿಯಲ್ಲಿ ಪೆನ್ನಿನಿಂದ ಚಿತ್ರ ಬಿಡಿಸುವ ಹಲಗೆ ತೋರಿಸಿದರು. ಇನ್ನೊಂದರಲ್ಲಿ ಲಾಜಿಟೆಕ್ ಕಂಪನಿಯ ಕೆ400 ಪ್ಲಸ್ ಇತ್ತು, ಕೀಬೋರ್ಡಿನ ಬಲಗಡೆಗೇ ಟಚ್‌ಪ್ಯಾಡ್ ಸೇರಿಸಿರುವಂಥದ್ದು. ಟೀವಿ ಮುಂದೆ ಕೂತು ಬಳಸುವವರಿಗೆ ಒಳ್ಳೆಯದು, ನನಗೆ ಇನ್ನೊಂದು ಕೀಬೋರ್ಡ್ ಹೊರುವುದು ಬೇಡವಿತ್ತು. ಬರೀ ಟ್ರ್ಯಾಕ್‌ಪ್ಯಾಡ್ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ಆಪಲ್ ಕಂಪನಿಯ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್. ಹೊಸದರ ಬೆಲೆ ಕೇಳಿ ಸುಮ್ಮನೆ ಈಚೆ ಬಂದೆ. ಆ ದುಡ್ಡಿಗೆ ನಮ್ಮ ಕಡೆ ಒಂದು ಕರು ಬರುತ್ತದೆ.

ಕೊನೆಗೆ ಹಳೇ ಸಾಮಾನು ಮಾರುವ ಅಂಗಡಿಯಲ್ಲಿ ಅದರ ಮೊದಲ ಮಾದರಿ ಸಿಕ್ಕಿತು. 2010ರಲ್ಲಿ ಬಂದದ್ದು. ಬೆಳ್ಳಿ ಬಣ್ಣದ ತಟ್ಟೆ, ಹಿಂದೆ ಒಂದು ಕೊಳವೆ, ಕೊಳವೆಯೊಳಗೆ ಎರಡು ಸೆಲ್. ತಂತಿ ಇಲ್ಲ, ಬ್ಲೂಟೂತ್. 1,800 ರೂಪಾಯಿಗೆ ಕೊಟ್ಟರು. ಹಳೇದು ಕೊಳ್ಳುವವರಿಗೆ ಒಂದು ಮಾತು: ಸೆಲ್ ಹಾಕುವ ಜಾಗದಲ್ಲಿ ಹಸಿರು ತುಕ್ಕು ಇದೆಯಾ ನೋಡಿ. ಅಂಗಡಿಯಲ್ಲೇ ನಿಮ್ಮ ಲ್ಯಾಪ್‌ಟಾಪಿಗೆ ಜೋಡಿಸಿ ನಾಲ್ಕು ಮೂಲೆಗೂ ಬೆರಳಾಡಿಸಿ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಉಬುಂಟು, ಜೋಡಿಸಿದ ಕೂಡಲೇ ಕೆಲಸ ಮಾಡಿತು. ವಿಂಡೋಸ್ ಇದ್ದವರು ಅದಕ್ಕೆ ಬೇರೆ ಡ್ರೈವರ್ ಹಾಕಿಕೊಳ್ಳಬೇಕು, ಇದನ್ನು ಮೊದಲೇ ವಿಚಾರಿಸಿ.

ಮನೆಗೆ ಬಂದು ಸೆಟ್ಟಿಂಗ್ಸ್‌ನಲ್ಲಿ ಹಳೇ ಟಚ್‌ಪ್ಯಾಡ್ ಆಫ್ ಮಾಡಿದೆ. ಹೊಸದೂ ಆಫ್ ಆಯಿತು! ಎರಡನ್ನೂ ಅದು ಒಂದೇ ಜಾತಿ ಅಂತ ತಿಳಿದಿತ್ತು. ಆಮೇಲೆ ಲ್ಯಾಪ್‌ಟಾಪ್ ಶುರುವಾಗುವಾಗ ಬರುವ ಬಯೋಸ್ ಪುಟಕ್ಕೆ ಹೋಗಿ ಒಳಗಿನದನ್ನು ಮಾತ್ರ ಆಫ್ ಮಾಡಿದೆ. ಕರ್ಸರ್ ಹಾರುವುದು ನಿಂತಿತು.

ಬಳಸೋಕೆ ಕಲಿಯಲು ಒಂದು ವಾರ ಹಿಡಿಯಿತು. ಎರಡು ಬೆರಳಿಟ್ಟು ಮೇಲೆ ಕೆಳಗೆ ಸವರಿದರೆ ಪುಟ ಓಡುತ್ತದೆ, ಫೋನಿನಲ್ಲಿ ಓಡುವ ದಿಕ್ಕಿಗೇ. ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ತಿರುಗಿಸಬಹುದು. ಎರಡು ಬೆರಳಲ್ಲಿ ತಟ್ಟಿದರೆ ಮೌಸಿನ ಬಲಗಡೆ ಬಟನ್ ಒತ್ತಿದ ಹಾಗೆ. ಕಷ್ಟವಾದದ್ದು ಪದಗಳನ್ನು ಆರಿಸುವುದು. ಕನ್ನಡದ ಒತ್ತಕ್ಷರ, ದೀರ್ಘಗಳ ನಡುವೆ ಕರ್ಸರ್ ನಿಲ್ಲಿಸೋದು ಇದರಲ್ಲಿ ಕೈಗೆ ಹತ್ತೋಕೆ ತಡವಾಯಿತು. ಈಗ ಅದಕ್ಕೆ ಬಾಣದ ಗುರುತಿನ ಕೀಗಳನ್ನೇ ಬಳಸುತ್ತೇನೆ. ಒಳ್ಳೆಯದೇನು ಅಂದರೆ, ಅದನ್ನು ಪರೀಕ್ಷೆಗೆ ಒಯ್ಯುವ ರಟ್ಟಿನ ಮೇಲಿಟ್ಟು ತೊಡೆ ಮೇಲೆ ಇಟ್ಟುಕೊಳ್ಳಬಹುದು. ಬಲಗೈ ನೋವಾದರೆ ಎಡಗಡೆಗೆ ಸರಿಸಬಹುದು. ಬೆರಳು ಓಡುತ್ತದೆ, ಕೈ ಓಡಬೇಕಿಲ್ಲ.

ಒಂದು ರಾತ್ರಿ ಹನ್ನೊಂದು ಗಂಟೆಗೆ ಸುದ್ದಿ ಕಳಿಸುವ ಹೊತ್ತಿನಲ್ಲಿ ಸೆಲ್ ಮುಗಿಯಿತು. ಗೋಡೆ ಗಡಿಯಾರದ ಸೆಲ್ಲೇ ಇದಕ್ಕೂ ಆಗುತ್ತದೆ. ನಡುಮನೆಯ ಗಡಿಯಾರದ್ದೊಂದು, ಕೋಣೆಯ ಗಡಿಯಾರದ್ದೊಂದು ಬಿಚ್ಚಿ ಹಾಕಿದೆ, ಆಮೇಲೆ ಮರೆತು ಮಲಗಿದೆ. ಬೆಳಗ್ಗೆ ಅಮ್ಮ ನಿಂತ ಗಡಿಯಾರ ನೋಡಿಕೊಂಡು ಡೈರಿಗೆ ಹಾಲು ಒಯ್ಯುವಷ್ಟರಲ್ಲಿ ಡೈರಿ ಬಾಗಿಲು ಹಾಕಿತ್ತು. ಅವತ್ತಿನ ಹಾಲು ಮನೆಯಲ್ಲೇ ಮೊಸರಾಯಿತು. ಬೈಗುಳ ಎಷ್ಟಾಯಿತು ಅಂತ ಇಲ್ಲಿ ಬರೆಯುವುದಿಲ್ಲ.

ಹೀಗೆ ಮೂರು ತಿಂಗಳು. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ.

ಆಮೇಲೆ ಲ್ಯಾಪ್‌ಟಾಪಿನ ಮುಚ್ಚಳ ಸರಿಯಾಗಿ ಕೂರದೆ ಆಯಿತು. ತಿಪಟೂರಿನ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅವರು ಬಿಚ್ಚಲೂ ಇಲ್ಲ. ಮೇಜಿನ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿಂದ ತಳ್ಳಿದರು. ಲ್ಯಾಪ್‌ಟಾಪ್ ಬುಗುರಿಯ ಹಾಗೆ ಅರ್ಧ ಸುತ್ತು ತಿರುಗಿತು. "ತಳ ಉಬ್ಬಿದೆ ಸಾರ್" ಅಂದರು. "ಟಚ್‌ಪ್ಯಾಡ್ ತೊಂದರೆ ಕೊಡ್ತಿತ್ತಾ?"

ನಾನು ಹೂಂ ಅಂದೆ.

ಹಿಂದಿನ ಮುಚ್ಚಳ ತೆಗೆದು ತೋರಿಸಿದರು. ಚಪ್ಪಟೆಯಾಗಿ ಇರಬೇಕಾದ ಬ್ಯಾಟರಿ ಪೂರಿಯ ಹಾಗೆ ಊದಿಕೊಂಡಿತ್ತು. ಅದು ಕೂರುವುದು ಸರಿಯಾಗಿ ಟಚ್‌ಪ್ಯಾಡಿನ ಕೆಳಗೆ. ಕೆಳಗಿನಿಂದ ಅದು ಒತ್ತುತ್ತಾ ಇತ್ತು, ಮೇಲೆ ಟಚ್‌ಪ್ಯಾಡ್ ಯಾರೋ ಒತ್ತಿದರು ಅಂತ ತಿಳಿದುಕೊಳ್ಳುತ್ತಾ ಇತ್ತು. ಮಾರ್ಚ್ ತಿಂಗಳ ಆ ರಾತ್ರಿ ಕರ್ಸರನ್ನು ಮೇಲಿನ ಸಾಲಿಗೆ ಹಾರಿಸಿದ್ದು ಈ ಬ್ಯಾಟರಿಯೇ.

ಲಿಥಿಯಂ ಬ್ಯಾಟರಿ ಹಳೆಯದಾದಾಗ, ಬಹಳ ಕಾದಾಗ, ಸದಾ ಪೂರ್ತಿ ಚಾರ್ಜಿನಲ್ಲೇ ಇದ್ದಾಗ ಒಳಗಿನ ರಾಸಾಯನಿಕ ಕೆಟ್ಟು ಗ್ಯಾಸ್ ಆಗುತ್ತದೆ. ಗ್ಯಾಸ್ ಹೊರಹೋಗಲು ಜಾಗವಿಲ್ಲದೆ ಬ್ಯಾಟರಿ ಊದಿಕೊಳ್ಳುತ್ತದೆ. ಅದಕ್ಕೆ ತೂತು ಬಿದ್ದರೆ, ಜಜ್ಜಿದರೆ, ಹಾಗೇ ಚಾರ್ಜ್ ಮಾಡುತ್ತಾ ಹೋದರೆ ಬೆಂಕಿ ಹತ್ತಬಹುದು. ನನ್ನ ಲ್ಯಾಪ್‌ಟಾಪ್ ದಿನವಿಡೀ ಚಾರ್ಜರಿನಲ್ಲೇ ಇರುತ್ತಿತ್ತು, ಕರೆಂಟು ಯಾವಾಗ ಹೋಗುತ್ತೋ ಅನ್ನೋ ಭಯಕ್ಕೆ. ರಾತ್ರಿ ಚಾರ್ಜಿಗೆ ಹಾಕಿ ಇಡುತ್ತಿದ್ದದ್ದು ಹಾಸಿಗೆ ಪಕ್ಕದಲ್ಲಿ. ಆ ಬೇಸಿಗೆ ರಜೆಗೆ ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗು ಆ ಕೋಣೆಯಲ್ಲೇ, ಲ್ಯಾಪ್‌ಟಾಪಿನಿಂದ ಒಂದು ಮಾರು ದೂರದಲ್ಲಿ ಮಲಗುತ್ತಿತ್ತು. ಅಂಗಡಿಯ ಸ್ಟೂಲಿನ ಮೇಲೆ ಕೂತು ಅದನ್ನು ನೆನೆಸಿಕೊಂಡಾಗ ಕೈ ತಣ್ಣಗಾಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಮಾಡಿದ್ದು ಅದನ್ನೇ. ಟಚ್‌ಪ್ಯಾಡ್ ಒಂದು ತಿಂಗಳಿಂದ ಕೂಗಿ ಹೇಳುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸೋಕೆ 1,800 ರೂಪಾಯಿ, ರೈಲು ಚಾರ್ಜು, ಒಂದು ದಿನ ಖರ್ಚು ಮಾಡಿದ್ದೆ.

ನೀವೂ ಹಳೇ ಲ್ಯಾಪ್‌ಟಾಪ್ ಬಳಸುತ್ತಿದ್ದರೆ, ಮನೆಯಲ್ಲಿ ಓದುವ ಮಕ್ಕಳಿಗೆ ಕೊಡಿಸಿದ್ದರೆ, ಇವತ್ತೇ ಒಂದು ಸಲ ನೋಡಿ. ಸಮನಾದ ಜಾಗದಲ್ಲಿಟ್ಟರೆ ಅಲ್ಲಾಡುತ್ತದೆಯಾ? ಟಚ್‌ಪ್ಯಾಡ್ ಒಂದು ಕಡೆ ಎದ್ದಿದೆಯಾ, ಒತ್ತಿದರೆ ಗಟ್ಟಿಯಾಗಿದೆಯಾ? ತಳದ ಅಂಚಿನಲ್ಲಿ ಸಂದಿ ಬಿಟ್ಟಿದೆಯಾ? ಇದ್ದರೆ ಚಾರ್ಜರ್ ತೆಗೆಯಿರಿ, ಆಫ್ ಮಾಡಿ, ರಿಪೇರಿಯವರ ಹತ್ತಿರ ಒಯ್ಯಿರಿ. ನೀವೇ ಕೀಳೋಕೆ ಹೋಗಬೇಡಿ, ಸೂಜಿ ಚುಚ್ಚಿ ಗಾಳಿ ಬಿಡಿಸುವ ಸಾಹಸವಂತೂ ಬೇಡವೇ ಬೇಡ. ತೆಗೆದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬಾರದು, ಸುಡಬಾರದು. ಹಳೇ ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಹೊಣೆ ಅದನ್ನು ತಯಾರಿಸಿ ಮಾರುವ ಕಂಪನಿಗಳದ್ದು ಅಂತ 2022ರಿಂದ ನಿಯಮವೇ ಇದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಫೋನಿಗೂ ಇದೇ ಮಾತು. ಪರದೆ ಅಂಚಿನಲ್ಲಿ ಎದ್ದಿದ್ದರೆ, ಹಿಂದಿನ ಮುಚ್ಚಳ ಉಬ್ಬಿದ್ದರೆ ತಡ ಮಾಡಬೇಡಿ.

ಬ್ಯಾಟರಿ ಬದಲಾಯಿಸಿದ ಮೇಲೆ ಒಳಗಿನ ಟಚ್‌ಪ್ಯಾಡ್ ಮೊದಲಿನ ಹಾಗೇ ಕೆಲಸ ಮಾಡುತ್ತಿದೆ. ಆದರೂ ಹೊರಗಿನದನ್ನು ಬಿಟ್ಟಿಲ್ಲ, ರಟ್ಟಿನ ಮೇಲೆ ತೊಡೆಯಲ್ಲಿಟ್ಟುಕೊಂಡೇ ಇದನ್ನೂ ಬರೆದೆ. ಅದಕ್ಕೆಂದೇ ಎರಡು ಸೆಲ್ ಬೇರೆ ತಂದಿಟ್ಟಿದ್ದೇನೆ, ಅಮ್ಮನ ಕಣ್ಣಿಗೆ ಬೀಳುವ ಜಾಗದಲ್ಲಿ.

ಈಗ ವರದಿ ಕಳಿಸುವ ಮುಂಚೆ ಅಂಕಿಗಳನ್ನೆಲ್ಲ ಒಂದೊಂದಾಗಿ, ಬಾಯಿಬಿಟ್ಟು ಜೋರಾಗಿ ಓದುತ್ತೇನೆ. ಮೊನ್ನೆ ಆ ಸದಸ್ಯೆ ನಮ್ಮ ಜಗುಲಿ ಮುಂದೆ ಹೋಗುತ್ತಿದ್ದವರು ನಿಂತು ಕೇಳಿಸಿಕೊಂಡರು. "ಈಗ ಸರಿಯಾಗಿ ಓದ್ತಿದ್ದೀಯಪ್ಪಾ" ಅಂದು ಹೋದರು.