ಆಸ್ರಿಗೆ ಎಂತ ಬೇಕು?

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಶಿರಸಿಯಲ್ಲಿ ಬಸ್ಸಿಳಿದು, ಅಲ್ಲಿಂದ ಹಳ್ಳಿ ಬಸ್ಸು ಹಿಡಿದು, ಅದು ನಿಂತ ಕಡೆಯಿಂದ ಅರ್ಧ ಮೈಲಿ ಕೆಮ್ಮಣ್ಣಿನ ಧೂಳು ತುಳಿದು ಅಡಿಕೆ ತೋಟದ ಅಂಚಿನ ಮನೆ ಸೇರಿದವರಿಗೆ ಮೊದಲು ಕೇಳಿಸುವುದು ಕ್ಷೇಮ ಸಮಾಚಾರವಲ್ಲ. ಕಾಲು ತೊಳೆಯಲು ನೀರು ಕೊಡುತ್ತಲೇ ಮನೆಯವರು ಕೇಳುತ್ತಾರೆ: ‘ಆಸ್ರಿಗೆ ಎಂತ ಬೇಕು?’ ಆಸರು ಎಂದರೆ ಬಾಯಾರಿಕೆ. ಉತ್ತರ ಕನ್ನಡದ ಘಟ್ಟದ ಮೇಲಿನ ಹವ್ಯಕರ ಮನೆಗಳಲ್ಲಿ ಬಂದವರ ಬಾಯಾರಿಕೆ ತಣಿಸದೆ ಮಾತಿಗೆ ಕೂರುವ ಪದ್ಧತಿ ಇಲ್ಲ. ಚಹಾ, ಕಾಫಿ ಅಲ್ಲೂ ಇವೆ. ಆದರೆ ಬೇಸಿಗೆಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಹೆಚ್ಚಾಗಿ ಮನೆಯ ಹಿಂದಿನ ಬೆಟ್ಟದಲ್ಲಿ.

ಇಲ್ಲಿ ಬೆಟ್ಟ ಎಂದರೆ ಬಂಡೆಗಲ್ಲಿನ ಗುಡ್ಡವಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಬೆಳೆಗಾರರಿಗೆ ಬ್ರಿಟಿಷರ ಕಾಲದಿಂದಲೂ ಬಿಟ್ಟುಕೊಟ್ಟ ಕಾಡು. ‘ಸೊಪ್ಪಿನ ಬೆಟ್ಟ’ ಎಂದೇ ಅದರ ಹೆಸರು. ನೆಲ ಸರ್ಕಾರದ್ದು, ಸೊಪ್ಪು ತರುವ ಹಕ್ಕು ತೋಟದವರದ್ದು. ತೋಟಕ್ಕೆ ಗೊಬ್ಬರವಾಗುವ ಈ ಬೆಟ್ಟವೇ ಅಡಿಗೆಮನೆಗೆ ಹುಳಿಯನ್ನೂ ತಂಪನ್ನೂ ಒದಗಿಸುತ್ತ ಬಂದಿದೆ. ರಜೆಗೆ ಅಜ್ಜನ ಮನೆಗೆ ಬಂದ ಮಕ್ಕಳಿಗೆ ಒಂದು ದೋಟಿ, ಒಂದು ಬುಟ್ಟಿ ಕೊಟ್ಟು ಬೆಟ್ಟಕ್ಕೆ ಅಟ್ಟಿದರೆ ಸಂಜೆಯ ಪಾನಕದ ಚಿಂತೆ ಮುಗಿಯಿತು.

ಅವರು ತರುವುದರಲ್ಲಿ ಮೊದಲ ಮರ್ಯಾದೆ ಮುರುಗಲಿಗೆ. ದಕ್ಷಿಣ ಕನ್ನಡದವರಿಗೆ ಇದು ಪುನರ್ಪುಳಿ, ಮಹಾರಾಷ್ಟ್ರದವರಿಗೆ ಕೋಕಂ. ಕೊಂಬೆಗಳನ್ನು ನೆಲದತ್ತ ಇಳಿಬಿಟ್ಟು ಗೋಪುರದ ಹಾಗೆ ನಿಲ್ಲುವ ಈ ಮರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನಿಂಬೆ ಗಾತ್ರದ ಹಣ್ಣು ಕಡುಕೆಂಪಾಗುತ್ತದೆ. ಒಡೆದರೆ ಒಳಗೆ ಬಿಳಿ ತಿರುಳು ಸುತ್ತಿಕೊಂಡ ಬೀಜಗಳು. ಮಕ್ಕಳು ಹಲ್ಲು ಚಳಿಯುವವರೆಗೆ ಅದನ್ನು ಚೀಪುತ್ತಾರೆ. ಅಜ್ಜಿಗೆ ಬೇಕಾದದ್ದು ಸಿಪ್ಪೆ.

ಮಾಡುವ ಕ್ರಮ ಸುಲಭ, ಆದರೆ ಅವಸರ ಸಲ್ಲದು. ಹಣ್ಣು ತೊಳೆದು, ನೀರಿನ ಪಸೆ ಒರೆಸಿ, ಎರಡು ಹೋಳು ಮಾಡಿ ಬೀಜ ಬೇರೆ ತೆಗೆಯಬೇಕು. ಬಟ್ಟಲಿನಂಥ ಸಿಪ್ಪೆಗಳ ಒಳಗೆಲ್ಲ ಸಕ್ಕರೆ ತುಂಬಿ ಭರಣಿಯಲ್ಲೋ ಗಾಜಿನ ಜಾಡಿಯಲ್ಲೋ ಸಾಲಾಗಿ ಜೋಡಿಸುವುದು. ಒಂದು ಅಳತೆ ಸಿಪ್ಪೆಗೆ ಒಂದೂವರೆಯಿಂದ ಎರಡು ಅಳತೆ ಸಕ್ಕರೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ವಾರದ ಮಟ್ಟಿಗೆ ಬಿಸಿಲಿಗಿಟ್ಟರೆ ಸಕ್ಕರೆ ಕರಗಿ, ಸಿಪ್ಪೆ ತನ್ನ ರಸ ಬಿಟ್ಟುಕೊಟ್ಟು, ಮಾಣಿಕ್ಯದ ಬಣ್ಣದ ಪಾಕವಾಗುತ್ತದೆ. ಒಲೆ ಬೇಡ, ಬಣ್ಣದ ಪುಡಿ ಬೇಡ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಮಾತ್ರ ಕೂಡದು. ಈ ಹುಳಿ ಲೋಹವನ್ನು ತಿನ್ನುತ್ತದೆ. ಕುಡಿಯುವಾಗ ಒಂದು ಪಾಲು ಪಾಕಕ್ಕೆ ನಾಲ್ಕೈದು ಪಾಲು ತಣ್ಣೀರು, ಚಿಟಿಕೆ ಉಪ್ಪು, ಹುರಿದು ಕುಟ್ಟಿದ ಜೀರಿಗೆ. ಬೆವರಿನ ಜತೆ ಉಪ್ಪೂ ಕಳೆದುಕೊಂಡ ಮೈಗೆ ಆ ಚಿಟಿಕೆ ಉಪ್ಪು ಬರೀ ರುಚಿಗಾಗಿ ಅಲ್ಲ. ಸಕ್ಕರೆ ಕಡಿಮೆ ಮಾಡಬೇಕಾದವರಿಗೆ ಒಣಗಿಸಿಟ್ಟ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಕುಡಿಯುವ ದಾರಿ ಇದ್ದೇ ಇದೆ.

ಶಾಲೆಯ ಮಕ್ಕಳಿಗೆ ಇಲ್ಲೊಂದು ಮೋಜಿನ ಪಾಠವೂ ಇದೆ. ಸಕ್ಕರೆ ಹಾಕದ ಮುರುಗಲು ನೀರಿಗೆ ಅಡಿಗೆ ಸೋಡಾ ಚೂರುಚೂರೇ ಉದುರಿಸಿದರೆ ಮೊದಲು ನೊರೆಯೇಳುತ್ತದೆ, ಆಮೇಲೆ ಕೆಂಪು ಬಣ್ಣ ಕಂದಿ ನೀಲಿಯತ್ತ ಹೊರಳುತ್ತದೆ. ಮತ್ತೆ ನಿಂಬೆರಸ ಹಿಂಡಿದರೆ ಕೆಂಪು ಮರಳುತ್ತದೆ. ಸಿಪ್ಪೆಯಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯದ ಕೆಲಸ ಇದು. ಪ್ರಯೋಗಶಾಲೆಯ ಲಿಟ್ಮಸ್ ಕಾಗದ ಮಾಡುವುದನ್ನೇ ಅಜ್ಜಿಯ ಲೋಟವೂ ಮಾಡುತ್ತದೆ. ಪ್ರಯೋಗಕ್ಕೆ ಬಳಸಿದ್ದನ್ನು ಕುಡಿಯದೆ ಚೆಲ್ಲುವುದು ಒಳ್ಳೆಯದು. ರುಚಿ ಹೇಗೂ ಕೆಟ್ಟಿರುತ್ತದೆ!

ಬೀಜವನ್ನೂ ಎಸೆಯುವುದಿಲ್ಲ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡೇ ಮುರುಗಲ ತುಪ್ಪ. ತಣಿದ ಮೇಲೆ ಗಟ್ಟಿಯಾಗಿ, ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಮದ್ದಾಗುತ್ತದೆ.

ಊಟದ ಹೊತ್ತಿನ ತಂಪು ಬೇರೆ. ಅಘನಾಶಿನಿ, ಶರಾವತಿಯಂಥ ಹೊಳೆಗಳ ದಂಡೆಯ ಕಾಡುಮಾವಿನಲ್ಲಿ ‘ಅಪ್ಪೆ’ ಎಂಬ ಕುಲವೊಂದಿದೆ. ಅದರ ಮಿಡಿಯ ಉಪ್ಪಿನಕಾಯಿಯನ್ನು ಎಲ್ಲರೂ ಬಲ್ಲರು. ಬಲಿತ ಕಾಯಿಯನ್ನು ಬೇಯಿಸಿ, ಕಿವುಚಿ, ಧಾರಾಳ ನೀರು ಬೆರೆಸಿ, ಉಪ್ಪು, ಹಸಿಮೆಣಸು, ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಅನ್ನಕ್ಕೆ ಕಲಸಿಕೊಳ್ಳುವುದು ನೆಪ, ಲೋಟಗಟ್ಟಲೆ ಕುಡಿಯುವುದೇ ರೂಢಿ. ಕುಡಿದು ಜಗಲಿಯಲ್ಲಿ ಒರಗಿದವರನ್ನು ನಾಲ್ಕು ಗಂಟೆಯ ಮೊದಲು ಎಬ್ಬಿಸುವುದು ಕಷ್ಟ. ತೋಟದ ಕಾಲುವೆಯ ಪಕ್ಕದ ಒಂದೆಲಗವಂತೂ ಹುಡುಕಿ ಹೋಗುವ ಶ್ರಮವನ್ನೂ ಕೇಳುವುದಿಲ್ಲ. ಹಿಡಿ ಎಲೆಯನ್ನು ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸಿನ ಜತೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಎಲೆ, ಕಾಯಿ, ಹಣ್ಣಿನ ಮಾತು. ಕಿತ್ತುಕೊಂಡ ಮೇಲೂ ಮರವೋ ಬಳ್ಳಿಯೋ ಬದುಕಿರುತ್ತದೆ. ಸೊಗದೆ ಬೇರಿನ ಕತೆ ಹಾಗಲ್ಲ. ಕಿರಿದಾದ ಎಲೆಯ ನಡುವೆ ಬೆಳ್ಳನೆಯ ಗೆರೆ ಇರುವ ಈ ಸಣ್ಣ ಬಳ್ಳಿಯನ್ನು ಕೆಲವರು ನಾಮದ ಬೇರು ಎನ್ನುತ್ತಾರೆ. ಆಂಧ್ರದ ರಾಯಲಸೀಮೆಯಲ್ಲಿ ಇದರದೇ ನನ್ನಾರಿ ಶರಬತ್ತು ಪ್ರಸಿದ್ಧ. ಬೇರಿನ ಸುವಾಸನೆ ವೆನಿಲಾವನ್ನು ನೆನಪಿಸುವುದು ಆಕಸ್ಮಿಕವಲ್ಲ. ಅದರಲ್ಲಿನ ಮುಖ್ಯ ಸುಗಂಧದ್ರವ್ಯ ವೆನಿಲಿನ್‌ನಲ್ಲಿರುವ ಅಷ್ಟೇ ಪರಮಾಣುಗಳಿಂದ ಆದದ್ದು, ಜೋಡಣೆ ಮಾತ್ರ ಬೇರೆ. ಜಜ್ಜಿ, ಒಳಗಿನ ಗಟ್ಟಿ ನಾರು ತೆಗೆದು, ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಲ್ಲ, ನಿಂಬೆರಸ ಸೇರಿಸಿದರೆ ಪಾನಕ ಸಿದ್ಧ. ಆದರೆ ಬೇರು ಕಿತ್ತರೆ ಬಳ್ಳಿ ಹೋಯಿತು. ತಿಳಿದವರು ಬುಡ ಅಲುಗಿಸದೆ ಪಕ್ಕದ ಒಂದೆರಡು ಬೇರು ಮಾತ್ರ ಕತ್ತರಿಸಿ ಮಣ್ಣು ಮುಚ್ಚಿ ಬರುತ್ತಾರೆ. ಬೇರಿನ ತುಂಡೊಂದನ್ನು ಕುಂಡದಲ್ಲಿ ನೆಟ್ಟರೂ ಚಿಗುರುತ್ತದೆ. ಪಟ್ಟಣದ ಮಕ್ಕಳು ಅಜ್ಜನ ಮನೆಯಿಂದ ತಂದು ಬೆಳೆಸಲು ಇದಕ್ಕಿಂತ ಹಗುರವಾದ ಗಿಡ ಸಿಗಲಿಕ್ಕಿಲ್ಲ.

ಹಣ್ಣು ಕೊಯ್ದರೆ ಮರಕ್ಕೇನೂ ಆಗದು ಎಂಬ ಮಾತಿಗೂ ಮಿತಿ ಇದೆ. ಅದನ್ನು ಕಲಿಸಿದ್ದು ಮುರುಗಲಿನದೇ ದಾಯಾದಿಯಾದ ಉಪ್ಪಾಗೆ. ಕೊಡಗಿನ ಕಾಚಂಪುಳಿಯಾಗುವುದು ಇದರ ಹಣ್ಣಿನ ರಸವೇ. ಇದರ ಸಿಪ್ಪೆಯಲ್ಲಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಸುದ್ದಿ 1990ರ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿತು. ಅಲ್ಲಿಯವರ ಸೊಂಟದ ಚಿಂತೆಗೆ ಇಲ್ಲಿಯ ಮರ ಬೆಲೆ ತೆತ್ತಿತು ಎನ್ನಬೇಕು. ಸಿಪ್ಪೆಯ ದರ ಏರಿದ್ದೇ ತಡ, ‘ಇವತ್ತು ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ದಾನು’ ಎಂಬ ಪೈಪೋಟಿ ಶುರುವಾಯಿತು. ಹಣ್ಣಾಗುವ ಮೊದಲೇ ಕಾಯಿ ಕೊಯ್ದರು, ಕೈಗೆಟುಕದ ಕಡೆ ಕೊಂಬೆಯನ್ನೇ ಕಡಿದರು. ಮುರುಗಲು ಬಿಸಿಲಲ್ಲಿ ಹಣ್ಣಾದರೆ ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಸಿಪ್ಪೆ ಒಣಗಿಸಲು ಹಗಲು ರಾತ್ರಿ ಬೆಂಕಿ ಬೇಕು. ಆ ಸೌದೆಯೂ ಕಾಡಿನಿಂದಲೇ ಬಂತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಧ್ಯಯನವೊಂದು ಪ್ರಕಟವಾಯಿತು: ಉಪ್ಪಾಗೆಯ ಸತ್ವ ತಿಂದವರಿಗೂ ಹುಸಿಗುಳಿಗೆ ತಿಂದವರಿಗೂ ತೂಕ ಇಳಿಯುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಮನೆಯ ಹಿತ್ತಲಲ್ಲೇ ನೆಟ್ಟುಕೊಳ್ಳಬಾರದೇ? ನೆಡಬಹುದು, ಆದರೆ ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿ ಹೂ ಬಿಡಲು ಏಳೆಂಟು ವರ್ಷ. ಅಷ್ಟು ಕಾಲ ನೀರೆರೆದ ಮೇಲೆ ಅದು ಗಂಡೆಂದು ತಿಳಿದರೆ ಹಣ್ಣಿನ ಆಸೆ ಬಿಡಬೇಕು. ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡೇ. ಹೆಣ್ಣು ಮರದ ಕುಡಿಯಿಂದ ಕಟ್ಟಿದ ಕಸಿ ಗಿಡವಾದರೆ ಈ ಜೂಜಿಲ್ಲ, ಫಲವೂ ಬೇಗ.

ತಂದೆ ತಾಯಂದಿರಿಗೆ ಒಂದು ಮಾತು. ಬೆಟ್ಟದಲ್ಲಿ ಕೆಂಪಗೆ ಕಂಡದ್ದೆಲ್ಲ ಮುರುಗಲಲ್ಲ, ಸುವಾಸನೆ ಬಂದ ಬೇರೆಲ್ಲ ಸೊಗದೆಯಲ್ಲ. ಮಕ್ಕಳು ತಂದದ್ದನ್ನು ಗಿಡ ಬಲ್ಲ ಹಿರಿಯರೊಬ್ಬರು ನೋಡಿ ಹೂಂ ಎನ್ನುವ ತನಕ ಬಾಯಿಗಿಡಬಾರದು. ಅಂಥ ಹಿರಿಯರು ಇರುವ ಮನೆಗೆ ರಜೆಯಲ್ಲಿ ಮಕ್ಕಳನ್ನು ಕಳಿಸುವುದಕ್ಕೆ ಇದೂ ಒಂದು ಕಾರಣ.

ಮೇ ತಿಂಗಳ ಕೊನೆಗೆ ಎಲ್ಲಕ್ಕೂ ಅವಸರ. ಮಧ್ಯಾಹ್ನದ ಮೇಲೆ ಪಡುವಣ ದಿಕ್ಕಿಗೆ ಮೋಡ ಕಟ್ಟಿದರೆ ಅಂಗಳದ ಸಿಪ್ಪೆ, ಭರಣಿ, ಕಂಬಳಿ ಎಲ್ಲ ಜಗಲಿಗೆ ಓಡಬೇಕು. ಒಮ್ಮೆ ಮಳೆ ಹನಿ ಬಿದ್ದ ಸಿಪ್ಪೆಗೆ ಬೂಸು ಹಿಡಿಯುತ್ತದೆ. ಶಾಲೆ ತೆರೆಯುವ ಹೊತ್ತಿಗೆ ಪಟ್ಟಣಕ್ಕೆ ಹೊರಟ ಮಕ್ಕಳ ಚೀಲದಲ್ಲಿ ಪಾಕದ ಬಾಟಲಿಯೊಂದು ಇರುತ್ತದೆ. ಬಾಟಲಿಯನ್ನು ಕಂಠದವರೆಗೆ ತುಂಬಬೇಡಿ ಎಂದು ಅಜ್ಜಿ ಎರಡೆರಡು ಸಲ ಹೇಳಿ ಕಳಿಸುತ್ತಾರೆ. ಸಕ್ಕರೆ ಸಾಲದ ಪಾಕ ದಾರಿಯಲ್ಲಿ ಉಕ್ಕಿ, ಹೊಸ ಸಮವಸ್ತ್ರದ ಮೇಲೆ ಚೆಲ್ಲಿದರೆ ಆ ಕಲೆ ಯಾವ ಸಾಬೂನಿಗೂ ಸುಲಭಕ್ಕೆ ಬಗ್ಗುವುದಿಲ್ಲ.