ಕಡಲ ದಾರಿಯ ಪಟ್ಟಿ

ಕಾರವಾರದಿಂದ ಉಳ್ಳಾಲದವರೆಗೆ ನಾಲ್ಕು ದಿನಗಳಲ್ಲಿ ಏಳು ಕಡಲತೀರಗಳು! ಭೂಪಟವನ್ನು ಹರಡಿಕೊಂಡು ನಾನು ಪ್ರವಾಸದ ಪಟ್ಟಿಯನ್ನು ಸಿದ್ಧಪಡಿಸಿದೆ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಗಳು ಹೋಗುವುದಿಲ್ಲವಾದ್ದರಿಂದ ಡಿಸೆಂಬರನ್ನು ಆರಿಸಿದ್ದೆ. ಗೋಕರ್ಣದ ಓಂ ತೀರಕ್ಕೆ ಅರ್ಧ ದಿನ. ಮರವಂತೆಗೆ ಅರ್ಧ ಗಂಟೆ. ಅಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಬಸ್ಸಿನ ಕಿಟಕಿಯಿಂದಲೇ ಎರಡೂ ಕಾಣುತ್ತವಲ್ಲ!

ಅಮ್ಮ ಪಟ್ಟಿಯನ್ನು ಓದಿದಳು. ಮದುವೆಯಾಗಿ ಬಯಲುಸೀಮೆಗೆ ಬರುವವರೆಗೆ ಅವಳು ಬೆಳೆದದ್ದು ಮರವಂತೆಯಲ್ಲಿಯೇ ಎಂಬುದು ನನಗೆ ಹೊಳೆದಿರಲಿಲ್ಲ.

“ಅರ್ಧ ಗಂಟೆಯಲ್ಲಿ ಕಡಲು ಒಂದು ಸಲ ಇಳಿಯುವುದೂ ಇಲ್ಲವಲ್ಲ, ಮಗಾ” ಎಂದಳು.

ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ ಬೇಕೆಂದು ಶಾಲೆಯಲ್ಲಿ ಓದಿದ್ದವನು ನಾನು! ನಾಲ್ಕು ತೀರಗಳನ್ನು ಹೊಡೆದುಹಾಕಿ, ಮರವಂತೆಯ ಎದುರು ‘ಎರಡು ದಿನ’ ಎಂದು ಬರೆದೆ. ಓಂ ತೀರವನ್ನು ಬಿಡಲು ಮಾತ್ರ ಮನಸ್ಸಾಗಲಿಲ್ಲ.